ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಮ್ಮ ಕಡೆಯವರಿಗೆ ಮಂಗಳಗಿರಿ ಎಂದರೆ ಪಾನಕದ ನರಸಿಂಹನ ಊರು, ಇಲ್ಲವೇ ಕೈಮಗ್ಗದ ಸೀರೆಯ ಊರು. ಆದರೆ ಈ ಊರನ್ನು ನಡುವೆ ಇಟ್ಟುಕೊಂಡು ನಕ್ಷೆಯ ಮೇಲೆ ಒಂದು ಸಣ್ಣ ವೃತ್ತ ಎಳೆದರೆ ಅದರೊಳಗೆ ಮೂರು ಬಗೆಯ ಕಾಲೇಜುಗಳು ಸಿಗುತ್ತವೆ. ಊರಿನಲ್ಲೇ 2018ರಲ್ಲಿ ಶುರುವಾದ ಏಮ್ಸ್ ಇದೆ. ಗುಂಟೂರಿನ ಪಕ್ಕದ ಲಾಂನಲ್ಲಿ ಆಚಾರ್ಯ ಎನ್.ಜಿ. ರಂಗಾ ಕೃಷಿ ವಿಶ್ವವಿದ್ಯಾಲಯವಿದೆ. ಒಂಗೋಲು ತಳಿಯ ದನಗಳನ್ನು ಸಾಕಿ ಉಳಿಸಿಕೊಂಡು ಬಂದಿರುವ ಜಾನುವಾರು ಸಂಶೋಧನಾ ಕೇಂದ್ರವೂ ಅಲ್ಲೇ ಇದೆ. ಇತ್ತ ವಿಜಯವಾಡ ದಾಟಿ ಗನ್ನವರಂಗೆ ಹೋದರೆ ಪಶುವೈದ್ಯಕೀಯ ಕಾಲೇಜು. ಒಂದು ಕಡೆ ಮನುಷ್ಯ, ಒಂದು ಕಡೆ ಬೆಳೆ, ಒಂದು ಕಡೆ ದನ. ಪಠ್ಯ ಬೇರೆ ಬೇರೆ, ಆದರೆ ಮೂರೂ ಕಡೆ ಒಂದು ಸಂಗತಿ ಒಂದೇ: ಇಲ್ಲಿನ ಹುಡುಗ ಹುಡುಗಿಯರು ಕಲಿಯುವುದು ಜೀವ ಇರುವುದರ ಮೇಲೆ.

ಈ ಪತ್ರಿಕೆ ಓದುವ ನಮ್ಮಲ್ಲಿ ಬಹಳ ಮಂದಿ ಕಲಿತದ್ದು ಹಾಗಲ್ಲ. ಕಂಪ್ಯೂಟರಿನ ಮುಂದೆ ಕೂತು ಕಲಿತವರು ನಾವು. ಬರೆದದ್ದು ತಪ್ಪಾದರೆ ಅಳಿಸಿ ಬರೆದೆವು. ಪರೀಕ್ಷೆಗೆಂದೇ ಬೇರೆ ಸರ್ವರ್ ಇತ್ತು. ಅದು ಕುಸಿದರೆ ಯಾರಿಗೂ ನೋವಾಗಲಿಲ್ಲ, ಮತ್ತೆ ಎಬ್ಬಿಸಿದೆವು. ಹಾಗಾಗಿ ಕಲಿಕೆ ಎಂದರೆ ತಪ್ಪು ಮಾಡುವ ಸ್ವಾತಂತ್ರ್ಯ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಹಸುವಿನ ಹೊಟ್ಟೆಗೆ, ಕುದುರೆಯ ಬಾಯಿಗೆ, ರೈತನ ಹಂಗಾಮಿಗೆ ಅಳಿಸಿ ಬರೆಯುವ ಸೌಲಭ್ಯವಿಲ್ಲ. ಅಲ್ಲಿ ಕಲಿಯುವವನ ತಪ್ಪಿಗೆ ಯಾರಾದರೂ ಬೆಲೆ ತೆರಲೇಬೇಕು. ಯಾರು ತೆರುತ್ತಾರೆ? ತೆತ್ತವರಿಗೆ ಕಲಿತವರು ಏನು ಕೊಡಬೇಕು? ಈ ಎರಡು ಪ್ರಶ್ನೆಗಳನ್ನು ನಿಮ್ಮ ಮುಂದಿಟ್ಟು ಸ್ವಲ್ಪ ಯೋಚಿಸುವುದಷ್ಟೇ ಈ ಬರಹದ ಉದ್ದೇಶ.

ಕುದುರೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿ ಲೆಕ್ಕ ಕಣ್ಣಿಗೆ ಕಾಣುವಷ್ಟು ಸರಳ. ಬೆಂಗಳೂರಿನಲ್ಲಿ ವಿಮಾನ ಹಿಡಿಯಲು ಹೆಬ್ಬಾಳದ ಮೇಲ್ಸೇತುವೆ ಹತ್ತುವವರಲ್ಲಿ ಎಷ್ಟು ಜನರಿಗೆ ಗೊತ್ತೋ ಕಾಣೆ, ಆ ಹೆಬ್ಬಾಳ ನಮ್ಮ ಕೃಷಿ ವಿದ್ಯೆಯ ತವರು. 1899ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ ಅಲ್ಲಿ ಪ್ರಯೋಗದ ಹೊಲ ಶುರುವಾಯಿತು. 1946ರಲ್ಲಿ ಕೃಷಿ ಕಾಲೇಜು, 1958ರಲ್ಲಿ ಪಶುವೈದ್ಯಕೀಯ ಕಾಲೇಜು ಬಂದವು. ಎನ್‌ಸಿಸಿಯಲ್ಲಿ ರಿಮೌಂಟ್ ಅಂಡ್ ವೆಟರ್ನರಿ ಎಂಬ ವಿಭಾಗವೊಂದಿದೆ. ಹೆಬ್ಬಾಳದ ಕಾಲೇಜಿನಂಥ ಕಡೆ ಅದರ ಘಟಕಗಳಿದ್ದು, ಪಶುವೈದ್ಯ ಓದುವ ಮಕ್ಕಳು ಅಲ್ಲಿ ಕುದುರೆ ಸವಾರಿ ಕಲಿಯುತ್ತಾರೆ.

ಹೊಸಬ ಜೀನಿನ ಮೇಲೆ ಕೂತ ತಕ್ಷಣ ಮಾಡುವ ಕೆಲಸ, ಬೀಳದಿರಲೆಂದು ಲಗಾಮನ್ನು ಜಗ್ಗಿ ಹಿಡಿಯುವುದು. ಅವನಿಗೆ ಅದು ಆಧಾರಕ್ಕೆ ಸಿಕ್ಕ ಹಗ್ಗ. ಕುದುರೆಗೆ ಅದು ಬಾಯೊಳಗಿನ ಲೋಹ. ಕಡಿವಾಣ ಕೂರುವುದು ನಾಲಿಗೆಯ ಮೇಲೆ ಮತ್ತು ಹಲ್ಲಿಲ್ಲದ ಎಳೆಯ ವಸಡಿನ ಮೇಲೆ. ಕುದುರೆ ನಡಿಗೆಯಿಂದ ಟ್ರಾಟ್‌ಗೆ ಬಂದರೆ ಹೊಸಬನಿಗೆ ಲಯ ಸಿಗುವುದಿಲ್ಲ; ಪ್ರತಿ ಹೆಜ್ಜೆಗೂ ಅದರ ಬೆನ್ನ ಮೇಲೆ ಧೊಪ್ಪನೆ ಕೂರುತ್ತಾನೆ. ಇಂಥ ಕೈಗಳನ್ನು ವರ್ಷಗಟ್ಟಲೆ ಸಹಿಸಿದ ಕುದುರೆಯ ಬಾಯಿ ಜಡ್ಡುಗಟ್ಟುತ್ತದೆ. ಆಗ ಬಲ್ಲವರು ‘ಇದರ ಬಾಯಿ ಗಟ್ಟಿ’ ಎನ್ನುತ್ತಾರೆ, ಅದು ಕುದುರೆಯ ಹುಟ್ಟುಗುಣ ಎಂಬಂತೆ. ಇತ್ತ ಸವಾರ ಕಲಿಯುತ್ತಾನೆ. ಬೆನ್ನು ನೆಟ್ಟಗಾಗುತ್ತದೆ, ಕೈ ಹಗುರವಾಗುತ್ತದೆ. ಕೈ ಹಗುರವಾದ ಮೇಲೆ ಅವನಿಗೆ ಚುರುಕಾದ ಬೇರೆ ಕುದುರೆ ಕೊಡುತ್ತಾರೆ. ಹಳೆಯ ಕುದುರೆಯ ಮೇಲೆ ಇನ್ನೊಬ್ಬ ಹೊಸಬ ಕೂರುತ್ತಾನೆ. ಕಲಿಸಿದ ಕುದುರೆಗೆ ತಾನು ಕಲಿಸಿದ ಹಗುರವಾದ ಕೈಯ ಸುಖ ಎಂದೂ ಸಿಗುವುದಿಲ್ಲ. ಇದರಲ್ಲಿ ಯಾರೂ ಕ್ರೂರಿಗಳಲ್ಲ. ಶಿಕ್ಷಕ ಒಳ್ಳೆಯವನು, ಹುಡುಗ ಒಳ್ಳೆಯವನು, ಲಾಯದಲ್ಲಿ ಮೇವು ಹುರುಳಿ ಹೊತ್ತಿಗೆ ಸರಿಯಾಗಿ ಬೀಳುತ್ತದೆ. ಆದರೂ ಲೆಕ್ಕ ಹೀಗೇ ಇದೆ.

ಇನ್ನು ಹಸು. ನಮ್ಮ ಸೋದರತ್ತೆಯ ಮಗಳು ಪಶುವೈದ್ಯ ಓದುತ್ತಿದ್ದಾಳೆ. ಐದೂವರೆ ವರ್ಷದ ಪದವಿ, ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಹಸು ಗಬ್ಬ ನಿಂತಿದೆಯೋ ಇಲ್ಲವೋ ಎಂದು ನೋಡಲು ಮೊದಲ ಸಲ ಕಲಿತ ದಿನದ ಬಗ್ಗೆ ಒಮ್ಮೆ ಕೇಳಿದೆ. ‘ಭುಜದವರೆಗೆ ಕೈಗವಸು ಹಾಕಿಕೊಂಡು ಗುದದೊಳಗೆ ಕೈ ತೂರಿಸಿದೆ ಕಣೋ. ಗರ್ಭಕೋಶ ಎಲ್ಲಿ, ಅಂಡಾಶಯ ಎಲ್ಲಿ, ಒಂದೂ ತಿಳಿಯಲಿಲ್ಲ. ಬಿಸಿ ಒಂದೇ ತಿಳಿದದ್ದು’ ಎಂದಳು. ಈ ವಿದ್ಯೆ ಕಣ್ಣಿಂದ ಬರುವುದಲ್ಲ. ಶಿಕ್ಷಕರು ಪಕ್ಕದಲ್ಲಿ ನಿಂತರೂ ಒಳಗಿನ ಕೈಗೆ ಏನು ಸಿಗುತ್ತಿದೆ ಎಂದು ಅವರಿಗೆ ಕಾಣುವುದಿಲ್ಲ. ಹತ್ತಾರು ಹಸುಗಳನ್ನು, ಒಂದೊಂದನ್ನೂ ಹಲವು ಸಲ ಮುಟ್ಟಿದ ಮೇಲೆಯೇ ಬೆರಳಿಗೆ ಬುದ್ಧಿ ಬರುವುದು. ಅಷ್ಟು ಹೊತ್ತೂ ಚೌಕಟ್ಟಿನೊಳಗೆ ಕಟ್ಟಿದ ಹಸು ನಿಂತಿರಬೇಕು. ಒಬ್ಬರ ನಂತರ ಒಬ್ಬರು ಕೈ ಹಾಕುತ್ತಾ ಹೋದರೆ ಕರುಳಿನ ಒಳಪೊರೆ ಬಾತುಕೊಳ್ಳುತ್ತದೆ, ಕೆಲವೊಮ್ಮೆ ರಕ್ತ ಬರುತ್ತದೆ. ಒಳ್ಳೆಯ ಶಿಕ್ಷಕರು ಅದಕ್ಕೆ ಮುಂಚೆಯೇ ‘ಇವತ್ತಿಗೆ ಈ ಹಸು ಸಾಕು’ ಎನ್ನುತ್ತಾರೆ. ಹಸುವಿಗೆ ಹಾಗೆ ಹೇಳುವ ಬಾಯಿಲ್ಲ.

ಕೃಷಿ ವಿದ್ಯಾರ್ಥಿಗಳ ಕಥೆ ಮೇಲುನೋಟಕ್ಕೆ ಬೇರೆ. ಬೆಳೆಗೆ ನೋವಾಗುವುದಿಲ್ಲ. ಆದರೆ ಬೆಳೆಯ ಹಿಂದೆ ಒಂದು ಮನೆ ಇರುತ್ತದೆ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ‘ಗ್ರಾಮೀಣ ಕೃಷಿ ಕಾರ್ಯಾನುಭವ’ ಎಂದು ಮಕ್ಕಳನ್ನು ಹಳ್ಳಿಗೆ ಕಳಿಸುತ್ತಾರೆ. ಅವರು ದೇವಸ್ಥಾನದ ಮುಂದಿನ ಬಯಲಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸುತ್ತಾರೆ, ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸುತ್ತಾರೆ, ಬೀಜೋಪಚಾರ ಮಾಡಿ ತೋರಿಸುತ್ತಾರೆ. ರೈತ ತನ್ನ ಹೊತ್ತು ಕೊಡುತ್ತಾನೆ, ಕಾಫಿ ಕೊಡುತ್ತಾನೆ, ಹೊಲದ ಒಂದು ಮೂಲೆಯನ್ನೂ ಕೊಡುತ್ತಾನೆ. ಮಕ್ಕಳು ವರದಿ ಬರೆದು ಅಂಕ ಪಡೆದು ಹೊರಡುತ್ತಾರೆ. ಅವರು ಹೇಳಿದ ಗೊಬ್ಬರ ಹಾಕಿ ಫಸಲು ಬಂತೋ ಹೋಯಿತೋ ನೋಡಲು ಬಹುಪಾಲು ಯಾರೂ ತಿರುಗಿ ಬರುವುದಿಲ್ಲ; ಫಸಲು ಬರುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ.

ಕಲಿಯುವವರು ವಿದ್ಯಾರ್ಥಿಗಳೇ ಆಗಿರಬೇಕೆಂದೂ ಇಲ್ಲ. 2021ರ ಹಂಗಾಮಿನಲ್ಲಿ ಗುಂಟೂರು ಸೀಮೆಯ ಮೆಣಸಿನಕಾಯಿ ಗಿಡಗಳ ಹೂವಿಗೆ ಹೊಸದೊಂದು ಕಪ್ಪು ಥ್ರಿಪ್ಸ್ ಮುತ್ತಿತು. ಆಗ್ನೇಯ ಏಷ್ಯಾದಿಂದ ಬಂದ ಈ ಕೀಟ ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡದ ಮೇಲೆ. ಮೆಣಸಿನಲ್ಲಿ ಅದನ್ನು ಹೇಗೆ ತಡೆಯಬೇಕೆಂದು ರೈತರಿಗೂ ತಿಳಿದಿರಲಿಲ್ಲ, ಅಂಗಡಿಯವರಿಗೂ ತಿಳಿದಿರಲಿಲ್ಲ, ವಿಜ್ಞಾನಿಗಳೂ ಅದನ್ನು ಆಗಷ್ಟೇ ಓದುತ್ತಿದ್ದರು. ಎಲ್ಲರೂ ವಿದ್ಯಾರ್ಥಿಗಳೇ. ಕಂಡ ಕಂಡ ಔಷಧಿ ಹೊಡೆದದ್ದರಿಂದ ಕೀಟವನ್ನು ತಿನ್ನುವ ಮಿತ್ರಕೀಟಗಳು ಸತ್ತವು, ಕಾಟ ಹೆಚ್ಚಿತು. ಆ ಪಾಠ ಈಗ ತಜ್ಞರ ಸಲಹೆಗಳಲ್ಲಿ ಸೇರಿದೆ: ನೀಲಿ ಅಂಟುಪಟ್ಟಿ ಕಟ್ಟಿ, ಸಿಕ್ಕ ಸಿಕ್ಕ ಔಷಧಿ ಹೊಡೆಯಬೇಡಿ. ಪಾಠದ ಶುಲ್ಕ ಕಟ್ಟಿದವರು ಆ ವರ್ಷ ಹೊಲ ಕಳೆದುಕೊಂಡವರು. ಅವರ ಹೆಸರು ಯಾವ ಸಲಹಾಪತ್ರದಲ್ಲೂ ಬರುವುದಿಲ್ಲ.

ನಮ್ಮ ಗಾದೆಯೊಂದು ಎಲ್ಲರಿಗೂ ಗೊತ್ತು: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಿವೇಕವನ್ನು ಹಂಗಿಸಲು ಇದನ್ನು ಬಳಸುತ್ತೇವೆ. ಆದರೆ ಪಶುವೈದ್ಯದ ಚರಿತ್ರೆ ನೋಡಿದರೆ ಗಾದೆ ಅಕ್ಷರಶಃ ನಿಜವಾದದ್ದೂ ಇದೆ, ಅದೂ ವಿವೇಕದ ಹೆಸರಿನಲ್ಲಿ. ಇಂದಿನ ಮಾದರಿಯ ಮೊದಲ ಪಶುವೈದ್ಯ ಶಾಲೆಯನ್ನು ಫ್ರಾನ್ಸಿನ ಲಿಯಾನ್‌ನಲ್ಲಿ ಸ್ಥಾಪಿಸಿದವರು ಕ್ಲಾಡ್ ಬೂರ್ಜೆಲಾ. ಅದಕ್ಕೆ ಮುಂಚೆ ಅವರು ಅದೇ ಊರಿನ ಕುದುರೆ ಸವಾರಿ ಶಾಲೆಯ ಮುಖ್ಯಸ್ಥರಾಗಿದ್ದರು. 1761ರಲ್ಲಿ ಆ ಶಾಲೆಗೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದರ ಹಿಂದಿನ ಒಂದು ದೊಡ್ಡ ಕಾರಣ ಯೂರೋಪಿನ ದನಗಳನ್ನು ಗುಡಿಸಿಹಾಕುತ್ತಿದ್ದ ರಿಂಡರ್‌ಪೆಸ್ಟ್. ನಮ್ಮ ಹಳ್ಳಿಗಳಲ್ಲಿ ಅದನ್ನು ‘ದೊಡ್ಡರೋಗ’ ಎನ್ನುತ್ತಿದ್ದರು. ಬಂದರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದು.

ನಮ್ಮ ದೇಶದಲ್ಲಿ ಈ ರೋಗದ ಮೇಲೆ ಹಿಮಾಲಯದ ಮುಕ್ತೇಶ್ವರದ ಪ್ರಯೋಗಾಲಯ ದಶಕಗಟ್ಟಲೆ ಕೆಲಸ ಮಾಡಿತು. ಆರಂಭದಲ್ಲಿ ಸಿಕ್ಕ ದಾರಿ ಸೀರಮ್. ಎಮ್ಮೆಗಳಿಗೆ ರೋಗದ ವೈರಸ್ ಚುಚ್ಚಿ, ಬದುಕಿದವುಗಳ ರಕ್ತ ತೆಗೆದು, ಅದರಿಂದ ಮಾಡಿದ ಸೀರಮ್ಮನ್ನು ಎತ್ತು ಹಸುಗಳಿಗೆ ಕೊಡುತ್ತಿದ್ದರು. ಎತ್ತಿಗೆ ಜ್ವರ, ಎಮ್ಮೆಗೆ ಸೂಜಿ. 1920ರ ದಶಕದಲ್ಲಿ ಜೆ.ಟಿ. ಎಡ್ವರ್ಡ್ಸ್ ಅಲ್ಲೇ ವೈರಸ್ಸನ್ನು ಮೇಕೆಯಿಂದ ಮೇಕೆಗೆ ದಾಟಿಸುತ್ತಾ ಅದರ ಕಸುವು ತಗ್ಗಿಸಿ ಲಸಿಕೆ ಮಾಡಿದರು. ಆಗ ಬರೆ ಮೇಕೆಯ ಪಾಲಿಗೆ ಬಂತು. ಮುಂದೆ ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಜೀವಕೋಶಗಳಲ್ಲಿ ವೈರಸ್ ಬೆಳೆಸಿ ಇನ್ನೂ ಒಳ್ಳೆಯ ಲಸಿಕೆ ತಂದರು. 2011ರಲ್ಲಿ ರಿಂಡರ್‌ಪೆಸ್ಟ್ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಮನುಷ್ಯನ ಸಿಡುಬಿನ ನಂತರ ಹಾಗೆ ಅಳಿದ ರೋಗ ಅದೊಂದೇ. ಇಂದು ಗನ್ನವರಂನಲ್ಲೋ ಹೆಬ್ಬಾಳದಲ್ಲೋ ಓದುವ ಮಕ್ಕಳು ದೊಡ್ಡರೋಗ ಹಿಡಿದ ಒಂದು ದನವನ್ನೂ ಕಾಣದೆ ವೈದ್ಯರಾಗುತ್ತಾರೆ. ಇಂದಿನ ಎಮ್ಮೆಗೂ ಆ ಭಯವಿಲ್ಲ.

ಇದನ್ನು ಓದಿ ನೀವು ಹೇಳಬಹುದು: ಹಾಗಾದರೆ ಸರಿಯಾಯಿತಲ್ಲ, ಕೆಲವು ಪ್ರಾಣಿಗಳು ನೋವು ಉಂಡವು, ಕೋಟಿ ಪ್ರಾಣಿಗಳು ಬದುಕಿದವು. ಈ ವಾದದಲ್ಲಿ ಬಲವಿದೆ, ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅದು ಒಂದು ಸಂಗತಿಯನ್ನು ಮರೆಮಾಡುತ್ತದೆ. ತೆತ್ತವರು ಒಬ್ಬರು, ಪಡೆದವರು ಇನ್ನೊಬ್ಬರು. ಒಟ್ಟು ಮೊತ್ತದಲ್ಲಿ ಲಾಭ ಬಂದಿರಬಹುದು, ಆದರೆ ಮುಕ್ತೇಶ್ವರದ ಎಮ್ಮೆಗೆ ಆ ಮೊತ್ತದಲ್ಲಿ ಪಾಲು ಸಿಕ್ಕಿಲ್ಲ. ಸಾಮಾನ್ಯವಾಗಿ ತೆರುವವರು ಇಲ್ಲವೆನ್ನಲು ಆಗದವರೇ. ಕಲಿಕೆಯ ಆಸ್ಪತ್ರೆಗೆ ಬರುವ ರೋಗಿ ಬಡವ. ಕಾಲೇಜಿನ ಆಸ್ಪತ್ರೆಗೆ ಹಸು ಹೊಡೆದುಕೊಂಡು ಬರುವವನು ಒಂದೇ ಹಸು ಇರುವವನು. ಆ ಹಸುವಿನ ಮೇಲೆ ಕಲಿತ ಕೈ ನಾಳೆ ನಗರದ ಕ್ಲಿನಿಕ್ಕಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಲ್ಯಾಬ್ರಡಾರಿಗೆ ಚುಚ್ಚುಮದ್ದು ಕೊಡುತ್ತದೆ. ನಾಯಿಯದೂ ಜೀವವೇ, ಅದಕ್ಕೆ ವೈದ್ಯರು ಬೇಡವೆಂದಲ್ಲ. ಬರೆ ಯಾರಿಗೆ ಬಿತ್ತು, ಜ್ವರ ಯಾರದು ಬಿಟ್ಟಿತು ಎಂಬುದನ್ನು ಗಮನಿಸಿ ಎನ್ನುತ್ತಿದ್ದೇನೆ ಅಷ್ಟೆ.

ಇನ್ನೊಂದು ತುದಿಯ ವಾದವೂ ಇದೆ: ಯಾವ ಜೀವದ ಮೇಲೂ ಕಲಿಯುವುದೇ ಬೇಡ. ಮನಸ್ಸಿಗೆ ಇದು ಹಿತ. ಆದರೆ ಕಾಲೇಜಿನ ಹಸುವನ್ನು ಮುಟ್ಟದೆ ಪದವಿ ಪಡೆದವಳು ಮೊದಲ ಸಲ ಕೈ ಹಾಕುವುದು ಯಾವ ಹಸುವಿಗೆ? ಯಾವುದೋ ಹಳ್ಳಿಯಲ್ಲಿ ರಾತ್ರಿ ಹನ್ನೊಂದಕ್ಕೆ ಕರು ಅಡ್ಡ ಸಿಕ್ಕಿಕೊಂಡು ಒದ್ದಾಡುತ್ತಿರುವ ಹಸುವಿಗೆ. ಅಲ್ಲಿ ಪಕ್ಕದಲ್ಲಿ ಶಿಕ್ಷಕರಿರುವುದಿಲ್ಲ, ‘ಸಾಕು’ ಎನ್ನುವವರಿರುವುದಿಲ್ಲ. ಅಂದರೆ ಹೊರೆ ಇಳಿಯಲಿಲ್ಲ, ಇನ್ನೂ ಬಡವನ ಕೊಟ್ಟಿಗೆಗೆ ಜಾರಿತು. ನಡುವಿನ ದಾರಿಯನ್ನು ಹಲವರು ಹುಡುಕಿದ್ದಾರೆ. ಪ್ರಯೋಗಕ್ಕೆ ಪ್ರಾಣಿಗಳ ಬದಲು ಬೇರೆಯದನ್ನು ಬಳಸಿ, ಸಂಖ್ಯೆ ತಗ್ಗಿಸಿ, ನೋವು ತಗ್ಗಿಸಿ ಎಂದು ರಸೆಲ್ ಮತ್ತು ಬರ್ಚ್ 1959ರಲ್ಲೇ ಬರೆದರು. ಮರುವರ್ಷವೇ ನಮ್ಮಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಬ್ರಿಟನ್ನಿನ ಸಾರಾ ಬೈಲಿ ಕಂಪ್ಯೂಟರಿನ ನೆರವಿನಿಂದ ಕೈಗೆ ಸ್ಪರ್ಶದ ಅನುಭವ ಕೊಡುವ ‘ಹ್ಯಾಪ್ಟಿಕ್ ಹಸು’ ಎಂಬ ಯಂತ್ರ ಮಾಡಿದರು. ಅದರಲ್ಲಿ ವಿದ್ಯಾರ್ಥಿಯ ಬೆರಳು ಎಲ್ಲಿದೆ ಎಂದು ಶಿಕ್ಷಕರಿಗೆ ಪರದೆಯ ಮೇಲೆ ಕಾಣುತ್ತದೆ. ಇವೆಲ್ಲ ಬರಬೇಕು, ನಮ್ಮ ಕಾಲೇಜುಗಳಿಗೆಲ್ಲ ಬರಬೇಕು. ಆದರೂ ಯಂತ್ರದ ಹಸು ಬಾಲ ಬೀಸುವುದಿಲ್ಲ, ಹೆದರಿ ಕಾಲು ಎತ್ತುವುದಿಲ್ಲ. ಕೊನೆಗೆ ಒಂದು ದಿನ ಒಂದು ನಿಜವಾದ ಹಸು ಮೊದಲನೆಯದಾಗಲೇಬೇಕು.

ಶಾಲೆಗಳಿಲ್ಲದ ಕಾಲದಲ್ಲಿ ಏನಿತ್ತು? ದನದ ಔಷಧಿಯ ಬಗ್ಗೆ ಕನ್ನಡದಲ್ಲಿ ಬರೆದದ್ದು ಹೊಸತೇನಲ್ಲ; ಚಾಳುಕ್ಯರ ಕಾಲದ ಕೀರ್ತಿವರ್ಮನ ‘ಗೋವೈದ್ಯ’ ಇದೆ. ಆದರೆ ಬಹುಪಾಲು ವಿದ್ಯೆ ಕೊಟ್ಟಿಗೆಯಲ್ಲೇ ಕೈಯಿಂದ ಕೈಗೆ ಬಂತು. ಇಂದಿಗೂ ಕರ್ನಾಟಕದಲ್ಲಿ ಕೃಷಿ ಪದವಿಗೆ ಕೃಷಿಕರ ಮಕ್ಕಳ ಕೋಟಾದಡಿ ಬರುವವರಿಗೆ ಪ್ರಾಯೋಗಿಕ ಪರೀಕ್ಷೆ ಇಡುತ್ತಾರೆ. ಅದು ಒಂದು ರೀತಿಯಲ್ಲಿ ಮನೆಯಲ್ಲಿ ಏನು ಕಲಿತೆ ಎಂದು ಕೇಳುವ ಪರೀಕ್ಷೆ. ಮನೆಯಲ್ಲಿ ಕಲಿಯುವ ಹುಡುಗ ಹಾಲು ಕರೆಯಲು ಹೋಗಿ ಕೆಚ್ಚಲಿಗೆ ನೋವು ಮಾಡಿದರೆ ಒದೆ ತಿನ್ನುತ್ತಾನೆ, ಅಪ್ಪನ ಬೈಗುಳ ತಿನ್ನುತ್ತಾನೆ, ಸಂಜೆ ಅದೇ ಹಸುವಿಗೆ ಹುಲ್ಲು ಹಾಕುತ್ತಾನೆ. ಕಲಿತ ಮೇಲೆ ಆ ಕೈಯ ಸುಖವೂ ಅದೇ ಹಸುವಿಗೆ ಸಿಗುತ್ತದೆ. ಆ ವಿದ್ಯೆಯ ಮಿತಿಗಳು ಬಹಳ. ದೊಡ್ಡರೋಗವನ್ನು ಅದು ನಿಲ್ಲಿಸಲಿಲ್ಲ. ಆದರೆ ಅಲ್ಲಿ ತೆತ್ತವರು ಯಾರು ಎಂದು ಕಲಿತವನಿಗೆ ಗೊತ್ತಿರುತ್ತಿತ್ತು. ಕಾಲೇಜು ವಿದ್ಯೆಯನ್ನು ಹಿಗ್ಗಿಸಿತು. ಆ ಗುರುತನ್ನು ಮಾತ್ರ ಅಳಿಸಿತು.

ಇಲ್ಲಿ ನಮ್ಮ ಭಾಷೆ ಕೈಹಿಡಿಯುತ್ತದೆ. ಕನ್ನಡದಲ್ಲಿ ಸಾಲ ಎಂಬ ಮಾತಿದೆ, ಋಣ ಎಂಬ ಮಾತೂ ಇದೆ. ದಿನಬಳಕೆಯಲ್ಲಿ ಎರಡೂ ಒಂದೇ ಅಲ್ಲ. ಬ್ಯಾಂಕಿನಿಂದ ತಂದ ಶಿಕ್ಷಣ ಸಾಲಕ್ಕೆ ಮೊತ್ತ ಇದೆ, ಕಂತು ಇದೆ, ಕೊಟ್ಟವರಿಗೇ ಹಿಂದಿರುಗಿಸಿ ರಸೀದಿ ಪಡೆಯುತ್ತೇವೆ. ಅನ್ನದ ಋಣಕ್ಕೆ ರಸೀದಿ ಇಲ್ಲ. ಕೊಟ್ಟವರು ಕೇಳುವುದಿಲ್ಲ, ಎಷ್ಟೋ ಸಲ ಕೊಟ್ಟವರು ಉಳಿದಿರುವುದೂ ಇಲ್ಲ. ಕುದುರೆಗೂ ಹಸುವಿಗೂ ಹೊಲ ಕೊಟ್ಟ ರೈತನಿಗೂ ಕಲಿತವನು ಪಟ್ಟಿರುವುದು ಸಾಲವಲ್ಲ, ಋಣ.

ಋಣ ಎಂಬ ಮಾತಿಗೊಂದು ಅಪಾಯವೂ ಇದೆ. ತೀರಿಸಲು ಆಗದ್ದು ಎಂದು ಕೈಮುಗಿದು ಸುಮ್ಮನಿದ್ದುಬಿಡಲು ಅದು ಅನುಕೂಲ. ಗೋಪೂಜೆಯ ದಿನ ಕೊಂಬಿಗೆ ಬಣ್ಣ ಬಳಿದು ಮರುದಿನ ಮರೆಯುವುದು ನಮಗೆ ಅಭ್ಯಾಸವಾಗಿದೆ. ಹಾಗಾಗಿ ಋಣಕ್ಕೂ ಒಂದು ಲೆಕ್ಕ ಇರಬೇಕು. ನನಗೆ ತೋಚುವ ಮಟ್ಟಿಗೆ ಅದು ಎರಡು ಹೊತ್ತಿನದು.

ಒಂದು, ಕಲಿಯುವ ಹೊತ್ತು. ಇನ್ನೊಬ್ಬರ ಮೈಮೇಲೆ ಕಲಿಯುವವನಿಗೆ ಸೋಮಾರಿಯಾಗುವ ಹಕ್ಕಿಲ್ಲ. ಪುಸ್ತಕದಿಂದ, ಮಾದರಿಯಿಂದ, ಹಿರಿಯರನ್ನು ನೋಡಿ ತಿಳಿಯಬಹುದಾದದ್ದನ್ನೆಲ್ಲ ಮೊದಲೇ ತಿಳಿದುಕೊಂಡು ಬರಬೇಕು. ಬೇರೆ ದಾರಿಯಿಂದ ಬಾರದಷ್ಟನ್ನು ಮಾತ್ರ ಹಸುವಿನಿಂದ ಪಡೆಯಬೇಕು. ನಾವು ಹಿಂದಿನ ರಾತ್ರಿ ಓದದೆ ಹೋಗುವ ಪರೀಕ್ಷೆಗೂ ಪಶುವೈದ್ಯ ವಿದ್ಯಾರ್ಥಿ ಓದದೆ ಹೋಗುವ ಪ್ರಾಯೋಗಿಕ ತರಗತಿಗೂ ಇರುವ ವ್ಯತ್ಯಾಸ ಇದು. ಅವನ ಅಸಡ್ಡೆ ಹಸುವಿನ ಕರುಳಿಗೆ ತಾಕುತ್ತದೆ.

ಎರಡು, ಕಲಿತ ಮೇಲಿನ ಹೊತ್ತು. ಕೃಷಿ ಓದಿ ಬ್ಯಾಂಕು ಸೇರಿದವರನ್ನು, ಐಎಎಸ್ ಬರೆದವರನ್ನು ‘ರೈತನ ಸೀಟು ತಿಂದರು’ ಎಂದು ಬೈಯುವುದು ನಮ್ಮಲ್ಲಿದೆ. ಊರು ಬಿಟ್ಟು ಬಂದ ನಾವು ಹಾಗೆ ಬೈಯುವುದು ತಮಾಷೆಯೇ ಸರಿ. ಹುಡುಗನೊಬ್ಬ ಯಾವ ಕೆಲಸ ಹಿಡಿದ ಎಂಬುದರಿಂದ ಋಣ ತೀರುವುದಿಲ್ಲ, ಉಳಿಯುವುದೂ ಇಲ್ಲ. ಬ್ಯಾಂಕಿನಲ್ಲಿ ಕೂತವನು ಬೆಳೆಸಾಲದ ಅರ್ಜಿ ಹಿಡಿದು ಬಂದವನ ಹೊಲದ ಕಷ್ಟ ಅರಿತು ಮಾತಾಡಿದರೆ, ನಗರದ ಕ್ಲಿನಿಕ್ಕಿನ ಡಾಕ್ಟರು ತಿಂಗಳಿಗೊಂದು ಭಾನುವಾರ ಹಳ್ಳಿಯ ದನಗಳ ಶಿಬಿರಕ್ಕೆ ಹೋದರೆ, ಕಾರ್ಯಾನುಭವಕ್ಕೆ ಹೋದ ಹುಡುಗಿ ಫಸಲಿನ ಹೊತ್ತಿಗೆ ಆ ರೈತನಿಗೆ ಫೋನು ಮಾಡಿ ಏನಾಯಿತೆಂದು ಕೇಳಿ ತನ್ನ ಸಲಹೆ ತಪ್ಪಿದ್ದರೆ ಒಪ್ಪಿಕೊಂಡರೆ, ಅವು ಸಣ್ಣವಾದರೂ ನಿಜವಾದ ಕಂತುಗಳು. ತೆತ್ತವರ ಜಾತಿಗೇ, ಅಂದರೆ ಅವರಂಥವರಿಗೇ ಅವು ತಲುಪುತ್ತವೆ. ತನ್ನ ಹಗುರವಾದ ಕೈಯನ್ನು ಸ್ವಂತ ಪ್ರತಿಭೆ ಎಂದು ಹೇಳಿಕೊಳ್ಳದಿರುವುದೂ ಅದರಲ್ಲಿ ಸೇರಿದೆ.

ಕಾಲೇಜುಗಳ ಪಾಲೂ ಇದೆ. ಘಟಿಕೋತ್ಸವದಲ್ಲಿ ಚಿನ್ನದ ಪದಕ ಪಡೆದವರ ಹೆಸರು ಓದುತ್ತಾರೆ. ಆ ಬ್ಯಾಚು ಯಾವ ಹಸುಗಳ ಮೇಲೆ ಕಲಿಯಿತು, ಅವಕ್ಕೆ ದಿನಕ್ಕೆ ಎಷ್ಟು ಕೈಗಳ ಮಿತಿ ಇತ್ತು, ಎಷ್ಟು ದಿನ ಬಿಡುವು ಸಿಕ್ಕಿತು ಎಂದು ಬರೆದಿಡುವ ಒಂದು ಪುಸ್ತಕ ಇರಲಿ, ಅದನ್ನು ಯಾರು ಬೇಕಾದರೂ ನೋಡುವಂತಿರಲಿ. ಇಪ್ಪತ್ತು ವರ್ಷದ ಹೊಸಬರನ್ನೆಲ್ಲ ಬೆನ್ನ ಮೇಲೆ ಹೊತ್ತ ಕುದುರೆ ಮುದಿಯಾದಾಗ ಅದರ ಮೇವಿಗೆ, ನೆರಳಿಗೆ, ಗೊರಸಿನ ಆರೈಕೆಗೆ ಬಜೆಟ್ಟಿನಲ್ಲಿ ಒಂದು ಸಾಲು ಇರಲಿ. ಹಣ ಹೆಚ್ಚಲ್ಲ, ಅಲ್ಲಿ ಕಲಿತು ಹೋದವರು ವರ್ಷಕ್ಕೆ ಒಂದು ದಿನದ ಸಂಬಳ ಕೊಟ್ಟರೂ ನಡೆಯುತ್ತದೆ. ಆದರೆ ಆ ಸಾಲನ್ನು ‘ದಾನ’ ಎಂಬ ತಲೆಬರಹದಡಿ ಬರೆಯಬಾರದು. ಅದರ ಜಾಗ ‘ಕೊಡಬೇಕಾದ ಬಾಕಿ’ಯ ಪಟ್ಟಿಯಲ್ಲಿ.